ಅಟ್ಲಾಂಟಾಕ್ಕೆ ಹೊರಟ ಕರದಂಟು

ಜಾರ್ಜಿಯಾಕ್ಕೆ ಹೋಗುತ್ತಿದ್ದೇವೆ ಎಂದರೆ ನಮ್ಮವರು ಕೇಳುವ ಮೊದಲ ಪ್ರಶ್ನೆ, "ಅಮೆರಿಕದಲ್ಲಿ ಎಷ್ಟು ದಿನ?" ಎರಡನೆಯದು, "ವೀಸಾ ಸಿಕ್ತಾ?" ಅಲ್ಲ ಸ್ವಾಮಿ, ಇದು ಬೇರೆ ಜಾರ್ಜಿಯಾ, ರಷ್ಯಾ ಕೆಳಗೆ, ಟರ್ಕಿ ಪಕ್ಕದಲ್ಲಿ, ಕಪ್ಪು ಸಮುದ್ರದ ದಂಡೆಯಲ್ಲಿದೆ, ಮೊದಲು ಸೋವಿಯತ್ ಒಕ್ಕೂಟದಲ್ಲಿತ್ತು, 1991ರಲ್ಲಿ ಸ್ವತಂತ್ರವಾಯಿತು, ಹೆಚ್ಚು ಕಡಿಮೆ ಕರ್ನಾಟಕದ ಮೂರನೇ ಒಂದು ಪಾಲಿನಷ್ಟು ಜಾಗ, ಜನ 40 ಲಕ್ಷಕ್ಕೂ ಕಡಿಮೆ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರು ಟೀವಿ ಕಡೆ ತಿರುಗಿರುತ್ತಾರೆ.

ದುಬೈಯಲ್ಲಿರುವ ನಮ್ಮಂಥವರಿಗೆ ಮಾತ್ರ ಈ ಜಾರ್ಜಿಯಾ ಚೆನ್ನಾಗಿ ಗೊತ್ತು. ವಿಮಾನ ಹತ್ತಿದರೆ ಮೂರೂವರೆ ಗಂಟೆ. ನಾವು ಹೋದಾಗ ದುಬೈ ವಾಸದ ಪರವಾನಗಿ ಇದ್ದವರಿಗೆ ವೀಸಾನೂ ಬೇಕಿರಲಿಲ್ಲ. ಈದ್ ರಜೆ ಬಂತೆಂದರೆ ಅರ್ಧ ಆಫೀಸು ಅಲ್ಲೇ. ವಾಪಸ್ ಬಂದವರೆಲ್ಲ ಹೇಳುವುದು ಮೂರೇ ಮಾತು: ಬೆಟ್ಟ, ಸಮುದ್ರ, ವೈನ್. ನಾವು ಹೊರಟದ್ದೂ ಇವೇ ಮೂರಕ್ಕೆ. ನಮ್ಮ ಪಾಲಿಗೆ ಬೆಟ್ಟ ಮೋಡದ ಒಳಗಿತ್ತು, ಸಮುದ್ರದ ಮೇಲೆ ಮಳೆ ಸುರಿಯುತ್ತಿತ್ತು. ಇನ್ನು ವೈನ್ ವಿಷಯಕ್ಕೆ ಬಂದರೆ, ನಮ್ಮ ಜೊತೆ ಮಾವನವರಿದ್ದರು.

ಮಾವನವರು ಗದಗ ಕಡೆಯವರು. ನಿವೃತ್ತ ಹೆಡ್‌ಮಾಸ್ತರು. ಬೀಡಿ, ಸಿಗರೇಟು, ಹೆಂಡ ಯಾವುದನ್ನೂ ಮುಟ್ಟಿದವರಲ್ಲ. ಅವರಿಗಿರುವ ಚಟ ಒಂದೇ, ಭಾಷಣ. ಮೈಕು ಸಿಕ್ಕರೆ ಬಿಡುವವರಲ್ಲ. ಮೈಕು ಸಿಗದಿದ್ದರೂ ಬಿಡುವವರಲ್ಲ. ನಾನು ಆಫೀಸಿನ ಪಾರ್ಟಿಗಳಲ್ಲಿ ಒಂದೊಂದು ಗ್ಲಾಸು ಹಿಡಿಯುತ್ತೇನೆ ಎಂಬುದು ಅವರಿಗೆ ಗೊತ್ತಿಲ್ಲ. ಅವರ ಕಣ್ಣಲ್ಲಿ ಅಳಿಯ ಅಪ್ಪಟ ಚಿನ್ನ. ಈ ಚಿನ್ನ, 8,000 ವರ್ಷಗಳಿಂದ ವೈನ್ ಮಾಡುತ್ತಿರುವ ದೇಶಕ್ಕೆ ಅತ್ತೆ-ಮಾವನ ಜೊತೆ ಹೊರಟಿತ್ತು.

ಹೊರಡುವ ಮೊದಲೇ ಒಂದು ಗಂಟು ಸೇರಿಕೊಂಡಿತು. ಮಾವನವರ ತಂಗಿ ಹುಬ್ಬಳ್ಳಿಯಲ್ಲಿದ್ದಾರೆ. ಅವರ ಮಗ ಇರುವುದು ಅಟ್ಲಾಂಟಾದಲ್ಲಿ. ಅಟ್ಲಾಂಟಾ ಇರುವುದು ಜಾರ್ಜಿಯಾದಲ್ಲಿ. ಅಣ್ಣ ಜಾರ್ಜಿಯಾಕ್ಕೆ ಹೊರಟಿದ್ದಾನೆ. ಲೆಕ್ಕ ಸರಿಯಾಗಿದೆ, ಅಲ್ವಾ? ಅವರು ಕರದಂಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಕಟ್ಟು ಕಡಕ್ ರೊಟ್ಟಿ ಎಲ್ಲ ಸೇರಿಸಿ, ಬಿಳಿ ಬಟ್ಟೆಯಲ್ಲಿ ಹೊಲಿದು, ಮೇಲೆ ಮಗನ ಹೆಸರು ಬರೆದು ಕೊಟ್ಟರು. ಮಾವನವರು ಅಟ್ಲಾಸ್ ತೆರೆದು ತೋರಿಸಿದರಂತೆ. "ಅಷ್ಟು ದೂರ ಹೊಂಟೀರಿ, ಇನ್ನೊಂದೀಟು ಮುಂದ ಹೋಗಿ ಕೊಡಾಕ ಏನಾಗತೈತಿ?" ಎಂದು ತಂಗಿ ಬೇಜಾರು ಮಾಡಿಕೊಂಡರಂತೆ. ಆ ಗಂಟು ಗದಗದಿಂದ ದುಬೈಗೆ ಬಂತು. ದುಬೈಯಲ್ಲಿ ಇಟ್ಟು ಹೋಗೋಣ ಎಂದರೆ ಅತ್ತೆ ಒಪ್ಪಲಿಲ್ಲ. "ಅಲ್ಲಿ ಏನ್ ಸಿಗತೈತೋ ಏನೋ, ಹಸಿವಾದ್ರ ಇರಲಿ" ಎಂದು ತಮ್ಮ ಬ್ಯಾಗಿಗೆ ಹಾಕಿಕೊಂಡರು.

ರಾಜಧಾನಿ ತಿಬಿಲಿಸಿಯಲ್ಲಿ ಇಳಿದಾಗ ಮಾವನವರಿಗೆ ಮೊದಲು ಕಂಡದ್ದು ಬೋರ್ಡುಗಳು. ಜಾರ್ಜಿಯನ್ ಲಿಪಿಯಲ್ಲಿ 33 ಅಕ್ಷರ, ಎಲ್ಲವೂ ಗುಂಡಗುಂಡಗೆ. ಕನ್ನಡಕ ತೆಗೆದು ದೂರದಿಂದ ನೋಡಿದರೆ ಯಾವುದೋ ಕನ್ನಡ ಬೋರ್ಡಿಗೆ ಮಳೆ ಬಿದ್ದು ಅಳಿಸಿದ ಹಾಗೆ ಕಾಣುತ್ತದೆ. ಮಾವನವರು ಟ್ಯಾಕ್ಸಿಯಲ್ಲಿ ಕೂತು ದಾರಿಯುದ್ದಕ್ಕೂ ಓದಲು ನೋಡಿದರು. ಹೋಟೆಲ್ ಮುಟ್ಟುವ ಹೊತ್ತಿಗೆ ಸೋಲೊಪ್ಪಿಕೊಂಡು, ಬರೆದವರ ಕೈಬರಹ ಸರಿ ಇಲ್ಲ ಎಂದು ತೀರ್ಪು ಕೊಟ್ಟರು.

ಅತ್ತೆಗೆ ಎದುರಾದದ್ದು ಮೆಟ್ರೋ. 1966ರಲ್ಲಿ ಶುರುವಾದ ಸೋವಿಯತ್ ಕಾಲದ ಮೆಟ್ರೋ ಅದು. ನೆಲದಿಂದ ಬಹಳ ಆಳದಲ್ಲಿದೆ. ರುಸ್ತಾವೇಲಿ ನಿಲ್ದಾಣದ ಎಸ್ಕಲೇಟರ್ ಮೇಲೆ ನಿಂತು ಕೆಳಗೆ ನೋಡಿದರೆ ಕೊನೆಯೇ ಕಾಣುವುದಿಲ್ಲ. ಅದರ ವೇಗವೋ, ನಮ್ಮ ಮಾಲ್‌ಗಳ ಎಸ್ಕಲೇಟರಿಗೆ ಹಿಂದಿನಿಂದ ನಾಯಿ ಅಟ್ಟಿಸಿಕೊಂಡು ಬಂದಂತೆ. ಅತ್ತೆ ಸೆರಗು ಬಿಗಿಯಾಗಿ ಹಿಡಿದು ನಿಂತುಬಿಟ್ಟರು. ಹಿಂದೆ ಜನರ ಸಾಲು ಬೆಳೆಯಿತು. ಆಗ ಸಾಲಿನೊಳಗಿಂದ ಒಂದು ಹುಡುಗಿಯ ದನಿ ಬಂತು. "ಅಜ್ಜಿ, ಕೈ ಕೊಡ್ರಿ, ಬಲಗಾಲ ಮೊದಲ ಇಡ್ರಿ."

ಕಲಬುರಗಿ ಹುಡುಗಿ. ಅಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ತಿಬಿಲಿಸಿಯ ಮೆಡಿಕಲ್ ಕಾಲೇಜುಗಳಲ್ಲಿ ಭಾರತದ ಮಕ್ಕಳು ತುಂಬಾ ಇದ್ದಾರೆ. ಎಸ್ಕಲೇಟರ್ ಕೆಳಗೆ ಮುಟ್ಟುವಷ್ಟರಲ್ಲಿ ಅತ್ತೆ ಆಕೆಯ ಊರು, ಮನೆತನ, ಅಡುಗೆ ಯಾರು ಮಾಡುತ್ತಾರೆ ಎಂಬುದನ್ನೆಲ್ಲ ತಿಳಿದುಕೊಂಡಿದ್ದರು. ಅಷ್ಟು ಹೊತ್ತು ಹಿಡಿಯುವ ಎಸ್ಕಲೇಟರ್ ಅದು. ಹೋಗುವ ಮೊದಲು ಆ ಹುಡುಗಿ ನಮಗೊಂದು ಉಪಕಾರ ಮಾಡಿದಳು. "ಹೋಟೆಲಿನ್ಯಾಗ ವೆಜ್ ಅನ್ನಬ್ಯಾಡ್ರಿ, ಸಮಾರ್ಖ್ವೋ ಅನ್ರಿ." ಅಂದರೆ ಉಪವಾಸದ ಊಟ. ಅಲ್ಲಿಯ ಆರ್ಥಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ, ಈಸ್ಟರ್‌ಗೆ ಮುಂಚಿನ ವಾರಗಳಲ್ಲಿ ಮಾಂಸ, ಮೊಟ್ಟೆ, ಹಾಲು ಎಲ್ಲ ಬಿಡುತ್ತಾರೆ. ಹಾಗಾಗಿ ಎಷ್ಟೋ ಹೋಟೆಲುಗಳ ಮೆನುವಿನಲ್ಲಿ ಅದಕ್ಕೇ ಬೇರೆ ಪಟ್ಟಿ ಇರುತ್ತದೆ. ಆ ಒಂದು ಮಾತಿನಿಂದ ನಮಗೆ ಮಣ್ಣಿನ ಗಡಿಗೆಯಲ್ಲಿ ಬೇಯಿಸಿದ ಅವರೆಯಂಥ ಕೆಂಪು ಕಾಳು ಲೋಬಿಯೋ ಸಿಕ್ಕಿತು, ಮೆಕ್ಕೆಜೋಳದ ರೊಟ್ಟಿ ಸಿಕ್ಕಿತು, ಅಕ್ರೋಟು ಅರೆದು ತುಂಬಿದ ಬದನೆಕಾಯಿ ಸಿಕ್ಕಿತು. ಅತ್ತೆ ಲೋಬಿಯೋ ಬಾಯಿಗಿಟ್ಟು, "ಬಳ್ಳೊಳ್ಳಿ ಸ್ವಲ್ಪ ಕಮ್ಮಿ ಆಗೈತಿ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಹಳೇ ಊರಿನ ಅಬಾನೊತುಬಾನಿ ಎಂಬಲ್ಲಿ ಗಂಧಕದ ಬಿಸಿನೀರಿನ ಸ್ನಾನದ ಮನೆಗಳಿವೆ. ಇಟ್ಟಿಗೆಯ ಗುಮ್ಮಟಗಳು ನೆಲದ ಮಟ್ಟದಲ್ಲೇ ಇರುತ್ತವೆ, ಸ್ನಾನ ನೆಲದ ಕೆಳಗೆ. ವಖ್ತಾಂಗ್ ಗೊರ್ಗಸಾಲಿ ಎಂಬ ರಾಜ ಬೇಟೆಗೆ ಬಂದಾಗ ಅವನ ಗಿಡುಗ ಹಿಡಿದ ಹಕ್ಕಿ ಬಿಸಿನೀರಿನ ಬುಗ್ಗೆಗೆ ಬಿತ್ತಂತೆ, ಅದಕ್ಕೇ ಅವನು ಇಲ್ಲಿ ಊರು ಕಟ್ಟಿದನಂತೆ. ಆ ಓಣಿಗೆ ಕಾಲಿಟ್ಟ ಕೂಡಲೇ ಅತ್ತೆ ಮೂಗು ಮುಚ್ಚಿಕೊಂಡರು. "ಯಾರೋ ತತ್ತಿ ಕುದಸಾಕತ್ತಾರ." ಗಂಧಕದ ವಾಸನೆ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಅಮ್ಮ-ಮಗಳು ಹೊರಗೆ ಬೆಂಚಿನ ಮೇಲೆ ಕೂತರು.

ನಾನು ಮತ್ತು ಮಾವನವರು ಗಂಟೆಯ ಲೆಕ್ಕದಲ್ಲಿ ಒಂದು ಖಾಸಗಿ ಕೋಣೆ ಹಿಡಿದೆವು. ಅಳಿಯನೂ ಮಾವನೂ ಒಂದೇ ತೊಟ್ಟಿಯಲ್ಲಿ ಕೂರುವುದು ಸಣ್ಣ ಸಂಕಟ ಅಲ್ಲ. ಏನು ಮಾತಾಡುವುದು? ಇಬ್ಬರೂ ಗೋಡೆಯ ಟೈಲ್ಸ್ ನೋಡುತ್ತಾ ಕೂತೆವು. ಅಷ್ಟರಲ್ಲಿ ಮೆಕಿಸೆ ಬಂದ. ಮೈ ಉಜ್ಜುವುದೇ ಅವನ ಕಸುಬು. ಭೀಮನಂಥ ಆಳು. ಮಾವನವರನ್ನು ಅಮೃತಶಿಲೆಯ ಕಟ್ಟೆಯ ಮೇಲೆ ಮಲಗಿಸಿ, ಕೈಗೆ ಒರಟು ಗವಸು ಹಾಕಿಕೊಂಡು ಶುರು ಮಾಡಿದ. ಮಾವನವರು ಸೊಂಟದ ಟವೆಲನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಅವನು ಒಂದು ಕೈ ಬಿಡಿಸಿದರೆ ಇವರು ಇನ್ನೊಂದರಲ್ಲಿ ಹಿಡಿಯುವರು. ಕೊನೆಗೆ ಅವನು ಗವಸಿನಲ್ಲಿ ಬಂದ ಮಣ್ಣಿನ ಸುರುಳಿಗಳನ್ನು ಅವರಿಗೇ ಹೆಮ್ಮೆಯಿಂದ ತೋರಿಸಿದ. ಮೂವತ್ತು ವರ್ಷ ಮಕ್ಕಳ ಉಗುರು, ಕಿವಿ ಪರೀಕ್ಷೆ ಮಾಡಿದ ಹೆಡ್‌ಮಾಸ್ತರು ಅವರು. ಹೊರಗೆ ಬಂದು ಅತ್ತೆಗೆ ಹೇಳಿದ್ದಿಷ್ಟೇ: "ನೀರು ಬಿಸಿ ಇತ್ತು."

ಬೆಟ್ಟದ ಊರು ಕಜ್ಬೇಗಿಗೆ ಹೊರಟದ್ದು ಒಂದು ಬಾಡಿಗೆ ಕಾರಿನಲ್ಲಿ. ಚಾಲಕ ಒಳ್ಳೆಯ ಮನುಷ್ಯ, ಇಂಗ್ಲಿಷ್ ಚೆನ್ನಾಗಿತ್ತು. ಆದರೆ ಜಾರ್ಜಿಯಾದಲ್ಲಿ ಚರ್ಚು ಕಂಡರೆ ಮೂರು ಸಲ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಳ್ಳುವುದು ರೂಢಿ. ನಾಲ್ಕನೇ ಶತಮಾನದಿಂದ ಕ್ರೈಸ್ತ ದೇಶ ಅದು. ಹಾಗಾಗಿ ಗುಡ್ಡ ಕಂಡಲ್ಲೆಲ್ಲ ಚರ್ಚಿದೆ. ಕಜ್ಬೇಗಿಯ ದಾರಿಯಲ್ಲಿ ಗುಡ್ಡ ಬಿಟ್ಟು ಬೇರೇನೂ ಇಲ್ಲ. ರಷ್ಯಾ ಗಡಿಗೆ ಹೋಗುವ ಲಾರಿಗಳು ಮೈಲುಗಟ್ಟಲೆ ಸಾಲು ನಿಂತಿರುತ್ತವೆ, ಎದುರಿನಿಂದ ಕುರಿಮಂದೆ ಬರುತ್ತದೆ, ನಮ್ಮವನು ತಿರುವಿನಲ್ಲಿ ಲಾರಿಯನ್ನು ಹಿಂದೆ ಹಾಕುತ್ತಿರುತ್ತಾನೆ, ಆಗಲೇ ಮೇಲೆಲ್ಲೋ ಒಂದು ಚರ್ಚು ಕಾಣುತ್ತದೆ, ಬಲಗೈ ಸ್ಟೇರಿಂಗ್ ಬಿಡುತ್ತದೆ. ಅತ್ತೆ ಹಿಂದಿನ ಸೀಟಿನಲ್ಲಿ ಅವನಿಗೆ ಸಮನಾಗಿ ಕೈಮುಗಿಯುತ್ತಾ ಬಂದರು. ಅವನು ಗಮನಿಸದ ಚರ್ಚುಗಳನ್ನು ಇವರೇ ಬೆರಳು ಮಾಡಿ ತೋರಿಸಿದರು. ನಾನು ಪಕ್ಕದಲ್ಲಿ ಕೂತು ಸ್ಟೇರಿಂಗಿಗೆ ಕೈಮುಗಿದೆ.

2,170 ಮೀಟರ್ ಎತ್ತರದಲ್ಲಿ ಗೆರ್ಗೆತಿಯ ಚರ್ಚಿದೆ. 14ನೇ ಶತಮಾನದ್ದು. ಜಾರ್ಜಿಯಾದ ಪೋಸ್ಟರುಗಳಲ್ಲಿ ಕಾಣುವುದು ಅದೇ. ಹಿಂದೆ 5,000 ಮೀಟರ್‌ಗೂ ಎತ್ತರದ ಕಜ್ಬೆಕ್ ಶಿಖರ, ಹಿಮ, ನೀಲಿ ಆಕಾಶ. ನಾವು ಹೋದಾಗ ಪೋಸ್ಟರಿನಲ್ಲಿದ್ದ ಯಾವುದೂ ಅಲ್ಲಿರಲಿಲ್ಲ. ಬಿಳಿ ಮಂಜು. ಚರ್ಚಿನ ಗೋಡೆಯೇ ಕೈಗೆ ತಾಗಿದ ಮೇಲೆ ಕಂಡಿತು. ಬಾಗಿಲಲ್ಲಿ ಇನ್ನೊಂದು ಪಂಚಾಯ್ತಿ. ಹೆಂಗಸರು ತಲೆ ಮುಚ್ಚಬೇಕು, ಲಂಗ ಉಡಬೇಕು. ಗಂಡಸರು ತಲೆಯ ಮೇಲಿನದ್ದು ತೆಗೆಯಬೇಕು. ಅತ್ತೆ ಸೆರಗು ಹೊದ್ದು ರಾಣಿಯಂತೆ ಒಳಗೆ ಹೋದರು. ಜೀನ್ಸ್ ಹಾಕಿದ್ದ ನನ್ನಾಕೆಗೆ ಬಾಗಿಲಲ್ಲಿ ಇಟ್ಟಿದ್ದ ಬಟ್ಟೆಯನ್ನು ಸೊಂಟಕ್ಕೆ ಸುತ್ತಿ ಕಳಿಸಿದರು. ಚಳಿಗೆ ಮಂಕಿ ಕ್ಯಾಪ್ ಹಾಕಿದ್ದ ಮಾವನವರನ್ನು ತಡೆದರು. ಕ್ಯಾಪ್ ತೆಗೆದರೆ ನೆಗಡಿ, ತೆಗೆಯದಿದ್ದರೆ ಪ್ರವೇಶ ಇಲ್ಲ. ತೆಗೆದರು. ನೆಗಡಿಯೂ ಆಯಿತು.

ಹೊರಗೆ ಬಂದು ಮಾವನವರು ಮಂಜಿನ ಕಡೆಗೆ ಮುಖ ಮಾಡಿ ಪಾಠ ಶುರು ಮಾಡಿದರು. ಬೆಂಕಿ ಕದ್ದ ಪ್ರೊಮಿಥ್ಯೂಸನನ್ನು ಗ್ರೀಕ್ ದೇವತೆಗಳು ಈ ಕಾಕಸಸ್ ಪರ್ವತಕ್ಕೇ ಸರಪಳಿಯಲ್ಲಿ ಕಟ್ಟಿದ್ದು, ಜಾರ್ಜಿಯಾದವರಲ್ಲೂ ಅಮಿರಾನಿ ಎಂಬವನ ಇಂಥದ್ದೇ ಕಥೆ ಇದೆ, ಎಂದೆಲ್ಲ. ಓದಿಕೊಂಡೇ ಬಂದಿದ್ದರು. ಕೇಳಲು ನಾವು ಮತ್ತು ಒಂದು ನಾಯಿ. ಆ ದೇಶದ ಬೀದಿನಾಯಿಗಳ ಬಗ್ಗೆಯೇ ಒಂದು ಲೇಖನ ಬರೆಯಬಹುದು. ಎಷ್ಟೋ ನಾಯಿಗಳ ಕಿವಿಗೆ ಬಣ್ಣದ ಬಿಲ್ಲೆ ಇರುತ್ತದೆ, ಲಸಿಕೆ ಹಾಕಿದ ಗುರುತು. ಬೊಗಳುವುದಿಲ್ಲ. ಸುಮ್ನೆ ಜೊತೆಗೆ ನಡೆಯುತ್ತವೆ. ಇದು ಪಾಠ ಮುಗಿಯುವವರೆಗೂ ಕದಲಲಿಲ್ಲ. ಮಾವನವರಿಗೆ ಅದರ ಮೇಲೆ ಬಹಳ ಗೌರವ ಬಂತು.

ರಾತ್ರಿ ಕಜ್ಬೇಗಿಯಲ್ಲೇ ಉಳಿದೆವು. ಬೆಳಿಗ್ಗೆ ಎಂಟಕ್ಕೆ ಎದ್ದು ಪರದೆ ಸರಿಸಿದರೆ ಮತ್ತೆ ಅದೇ ಬಿಳಿ. ತಿಂಡಿಗೆ ಕೂತಾಗ ನನ್ನಾಕೆ, "ಇಷ್ಟು ದೂರ ಬಂದು ಬೆಟ್ಟ ಕಾಣಲಿಲ್ಲ" ಎಂದು ಅಳುಮುಖ ಮಾಡಿದಳು. ಅತ್ತೆ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾ, "ಮುಂಜಾನೆ ಕಾಣಸ್ತಿತ್ತಲ್ಲ, ಪೂರಾ ಕಾಣಸ್ತಿತ್ತು. ಬಂಗಾರದ ಬಣ್ಣ ಆಗಿತ್ತು" ಎಂದರು. ನಾವು ಮೂವರೂ ತಿನ್ನುವುದನ್ನು ನಿಲ್ಲಿಸಿದೆವು. "ಎಬ್ಬಿಸಬಾರದಿತ್ತಾ ಅಮ್ಮಾ?" "ಮಲಗಿದ್ರಿ. ದಣದೀರಿ ಅಂತ ಸುಮ್ನಾದೆ."

ಸಮುದ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಿಬಿಲಿಸಿಯಿಂದ ಬತುಮಿಗೆ ಐದು ಗಂಟೆಯ ರೈಲು. ಬತುಮಿ ಆ ದೇಶದಲ್ಲಿ ಜಾಸ್ತಿ ಮಳೆ ಬೀಳುವ ಊರುಗಳಲ್ಲಿ ಒಂದು, ಅದರಲ್ಲೂ ಶರತ್ಕಾಲದಲ್ಲಿ ಕೇಳುವುದೇ ಬೇಡ. ಇದನ್ನು ನಮಗೆ ಹೇಳಿದ್ದು ಬತುಮಿಯಲ್ಲಿ ಛತ್ರಿ ಮಾರುವವನು. ದಂಡೆಯಲ್ಲಿ ಮರಳಿಲ್ಲ, ಬರೀ ಉರುಟು ಕಲ್ಲು. ಸಮುದ್ರದ ನೀರು ಮುಟ್ಟಬೇಕೆಂದು ಬರಿಗಾಲಲ್ಲಿ ಇಳಿದ ಮಾವನವರು ವಾಪಸ್ ಬರುವಾಗ ಹಾಕಿದ ಹೆಜ್ಜೆಗಳನ್ನು ನನ್ನಾಕೆ ವಿಡಿಯೋ ಮಾಡಿದ್ದಾಳೆ, ಮನೆಯಲ್ಲಿ ಬೇಜಾರಾದಾಗ ಹಾಕಿಕೊಂಡು ನೋಡುತ್ತೇವೆ. ದಂಡೆಯ ಮೇಲೆ ಅಲಿ ಮತ್ತು ನಿನೋ ಎಂಬ ಎರಡು ಎತ್ತರದ ಲೋಹದ ಪ್ರತಿಮೆಗಳಿವೆ. ಸಂಜೆ ಅವು ನಿಧಾನವಾಗಿ ಒಂದರ ಕಡೆಗೊಂದು ಸರಿದು, ಒಂದರೊಳಗೊಂದು ಹಾದು, ಬೆನ್ನು ತಿರುಗಿಸಿ ದೂರ ಹೋಗುತ್ತವೆ. ಪ್ರೇಮಿಗಳೆಲ್ಲ ಕಣ್ಣು ಒರೆಸಿಕೊಳ್ಳುವ ಜಾಗ. ಅತ್ತೆ ಛತ್ರಿಯ ಕೆಳಗಿಂದ ಎರಡು ಸುತ್ತು ನೋಡಿ, "ದಿನಾ ಇದ ಜಗಳ ಏನಿವರದು?" ಎಂದರು.

ಖಚಪುರಿಯ ಗಲಾಟೆ ಆದದ್ದೂ ಅಲ್ಲೇ. ಈ ಕಡೆಯ ಖಚಪುರಿ ದೋಣಿಯಾಕಾರದ ರೊಟ್ಟಿ, ಹೊಟ್ಟೆ ತುಂಬ ಚೀಸು, ಅದರ ಮೇಲೆ ಬೆಣ್ಣೆ ಮತ್ತು ಹಸಿ ಮೊಟ್ಟೆಯ ಹಳದಿ. ಮೊಟ್ಟೆ ಬೇಡ ಎಂದು ಹೇಳಿದೆವು. ಬಡಿಸುವ ಹೆಂಗಸಿಗೆ ಅರ್ಥವಾಯಿತು, ಆದರೆ ಮನಸ್ಸು ಒಪ್ಪಲಿಲ್ಲ. ಮೊಟ್ಟೆಯಿಲ್ಲದೆ ತಂದಿಟ್ಟು ಹೋದಳು. ಒಂದು ನಿಮಿಷಕ್ಕೆ ವಾಪಸ್ ಬಂದು ಪಕ್ಕದಲ್ಲಿ ಒಂದು ಬಟ್ಟಲಲ್ಲಿ ಮೊಟ್ಟೆ ಇಟ್ಟಳು. ದೂರ ನಿಂತು ನಮ್ಮ ಮನಸ್ಸು ಬದಲಾಗುತ್ತದೆಯೋ ಎಂದು ನೋಡುತ್ತಿದ್ದಳು. ನಾವು ಕೈಮುಗಿದೆವು. ಅವಳು ಇನ್ನಷ್ಟು ಬೆಣ್ಣೆ ತಂದು ಹಾಕಿದಳು.

ಇನ್ನು ಕಾಖೇತಿ, ಆ ದೇಶದ ವೈನ್ ಸೀಮೆ. ನಾವು ವಾಪಸ್ ಹೋಗುವ ಹಿಂದಿನ ದಿನ ಅದೇ ಚಾಲಕ, "ನಮ್ಮ ಚಿಕ್ಕಪ್ಪನ ಮನೆಯಲ್ಲಿ ರ್ತ್ವೇಲಿ ಇದೆ, ಬನ್ನಿ" ಎಂದ. ರ್ತ್ವೇಲಿ ಎಂದರೆ ದ್ರಾಕ್ಷಿ ಕೊಯ್ಲು. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಕಾಖೇತಿಯ ಹಳ್ಳಿಗಳಲ್ಲಿ ಯಾರೂ ಖಾಲಿ ಇರುವುದಿಲ್ಲ. ನೆಂಟರು, ನೆರೆಯವರು, ಪಟ್ಟಣಕ್ಕೆ ಹೋದ ಮಕ್ಕಳು ಎಲ್ಲ ಬಂದು ಸೇರುತ್ತಾರೆ. ತೆಲಾವಿ ಹತ್ತಿರದ ಹಳ್ಳಿ. ಅಂಗಳದಲ್ಲಿ ಬುಟ್ಟಿಗಟ್ಟಲೆ ಕಪ್ಪು ದ್ರಾಕ್ಷಿ. ಸಪೆರಾವಿ ಎಂಬ ತಳಿ. ಹೆಚ್ಚಿನ ಕಪ್ಪು ದ್ರಾಕ್ಷಿಗಳ ಸಿಪ್ಪೆ ಮಾತ್ರ ಕಪ್ಪು, ಇದರ ತಿರುಳೂ ಕೆಂಪು. ಮುಟ್ಟಿದರೆ ಕೈಗೆ ಬಣ್ಣ. ಮಾವನವರು ಯಜಮಾನರ ಮನೆಗೆ ಹೋಗುವಾಗ ಹೀಗೇ ಹೋಗಬೇಕೆಂದು ಅಚ್ಚ ಬಿಳಿ ಧೋತರ ಉಟ್ಟು ಬಂದಿದ್ದರು.

ಮನೆಯ ಮುದುಕಿ ಮಾವನವರನ್ನು ಕಂಡ ಕೂಡಲೇ ಎರಡೂ ಕೈ ಎತ್ತಿ, "ರಾಜ್ ಕಪೂರ್!" ಎಂದು ಕೂಗಿದರು. ಸೋವಿಯತ್ ಕಾಲದಲ್ಲಿ ಅವರ ಸಿನಿಮಾ ನೋಡಿ ಬೆಳೆದವರು. ಮಾವನವರು ತಲೆ ಅಲ್ಲಾಡಿಸಿ, "ರಾಜ್‌ಕುಮಾರ್" ಎಂದು ತಿದ್ದಿದರು. ಆಕೆ "ಕಪೂರ್" ಎಂದರು. ಇವರು "ಕುಮಾರ್" ಎಂದರು. ಎರಡೂ ಕಡೆಯವರು ಬಿಡಲಿಲ್ಲ. ಊಟಕ್ಕೆ ಕರೆ ಬಂದದ್ದರಿಂದ ಸಂಧಾನವಾಯಿತು.

ಊಟಕ್ಕೆ ಮುಂಚೆ ಚಿಕ್ಕಪ್ಪ ನಮ್ಮನ್ನು ಮರಾನಿಗೆ ಕರೆದುಕೊಂಡು ಹೋದರು. ಅದು ಅವರ ವೈನಿನ ಉಗ್ರಾಣ. ಒಳಗೆ ಒಂದೂ ಪೀಪಾಯಿ ಇಲ್ಲ. ನೆಲದಲ್ಲಿ ಬರೀ ದುಂಡನೆಯ ಬಾಯಿಗಳು. ಕೆಳಗೆ ಕ್ವೇವ್ರಿ ಎಂಬ ಮಣ್ಣಿನ ದೊಡ್ಡ ಹಂಡೆಗಳನ್ನು ಕತ್ತಿನವರೆಗೆ ಹೂತಿರುತ್ತಾರೆ. ಒಳಮೈಗೆ ಜೇನುಮೇಣ ಬಳಿದಿರುತ್ತಾರೆ. ದ್ರಾಕ್ಷಿ ರಸವನ್ನು ಸಿಪ್ಪೆ, ಬೀಜದ ಸಮೇತ ಅದಕ್ಕೆ ಸುರಿದು, ಹುದುಗು ಇಳಿದ ಮೇಲೆ ಬಾಯಿ ಮುಚ್ಚಿ ತಿಂಗಳುಗಟ್ಟಲೆ ಬಿಡುತ್ತಾರೆ. ಮಣ್ಣಿನ ತಂಪೇ ಕಾಯುತ್ತದೆ. ಈ ವಿಧಾನ 2013ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ತಿಬಿಲಿಸಿಯ ದಕ್ಷಿಣಕ್ಕೆ ಗದಚ್ರಿಲಿ ಗೋರಾ ಎಂಬಲ್ಲಿ ಸಿಕ್ಕ ಮಡಕೆ ಚೂರುಗಳಲ್ಲಿ ಕ್ರಿಸ್ತಪೂರ್ವ 6000ದ ಹೊತ್ತಿನ ವೈನಿನ ಕುರುಹು ಇದೆ ಎಂದು 2017ರಲ್ಲಿ ವಿಜ್ಞಾನಿಗಳು ಹೇಳಿದ ಮೇಲಂತೂ ಇವರ ಹೆಮ್ಮೆ ಹೇಳತೀರದು.

ಇಷ್ಟು ಹೊತ್ತೂ ಕೈ ಹಿಂದೆ ಕಟ್ಟಿ, ಮೂಗು ಸ್ವಲ್ಪ ಮೇಲೆತ್ತಿ ನಿಂತಿದ್ದ ಮಾವನವರು ಈಗ ಬಗ್ಗಿ ಆ ಬಾಯಿಯೊಳಗೆ ನೋಡಿದರು. ಅವರ ಮುಖವೇ ಬದಲಾಯಿತು. "ಅಳಿಯಾರ! ಇದು ನಮ್ಮ ಹಗೇವು ಅಲ್ಲೇನ್ರೀ?"

ಬಯಲುಸೀಮೆಯ ಹಳೇ ಮನೆಗಳಲ್ಲಿ ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕಣಜ ಹಗೇವು. ಮೇಲೆ ಸಣ್ಣ ಬಾಯಿ, ಒಳಗೆ ದೊಡ್ಡ ಹೊಟ್ಟೆ. ಮಾವನವರು ಹುಡುಗರಾಗಿದ್ದಾಗ ಹಗೇವಿಗೆ ಇಳಿದು ಜೋಳ ತುಂಬಿ ಕೊಟ್ಟವರು. ಅವರು ಅಲ್ಲೇ ಧೋತರ ಮೇಲೆ ಕಟ್ಟಿ, ಮಂಡಿಯೂರಿ, ಹಗೇವಿನ ಬಾಯಿ ತೆರೆದ ಕೂಡಲೇ ಇಳಿಯುವಂತಿಲ್ಲ, ಒಳಗಿನ ಕೆಟ್ಟ ಗಾಳಿ ಹೋಗಲು ಬಿಡಬೇಕು ಎಂದು ಚಿಕ್ಕಪ್ಪನಿಗೆ ಕನ್ನಡದಲ್ಲೇ ಹೇಳತೊಡಗಿದರು. ಚಿಕ್ಕಪ್ಪ, ಕ್ವೇವ್ರಿ ತೊಳೆಯಲು ಮನುಷ್ಯನೇ ಒಳಗೆ ಇಳಿಯಬೇಕು ಎಂದು ಜಾರ್ಜಿಯನ್ನಿನಲ್ಲಿ ಹೇಳಿದರು. ಚಾಲಕ ಅನುವಾದ ಮಾಡಲು ಬಾಯಿ ತೆರೆದ. ಇಬ್ಬರೂ ಅವನನ್ನು ಸುಮ್ಮನಿರು ಎಂದು ಕೈಮಾಡಿದರು.

ಆಮೇಲೆ ಸುಪ್ರಾ. ಅದು ಊಟ ಅಂತ ಹೆಸರಿಗೆ, ನಿಜವಾಗಿ ಸಭಾ ಕಾರ್ಯಕ್ರಮ. ತಮದಾ ಎಂಬ ಒಬ್ಬ ಅಧ್ಯಕ್ಷರಿರುತ್ತಾರೆ. ಅವರು ಎದ್ದು ಮಾತಾಡಿದ ಮೇಲೇ ಎಲ್ಲರೂ "ಗೌಮಾರ್ಜೋಸ್" ಎಂದು ಗ್ಲಾಸು ಎತ್ತುವುದು. ದೇವರಿಗೆ ಒಂದು ಭಾಷಣ, ಶಾಂತಿಗೆ ಒಂದು, ದೇಶಕ್ಕೆ, ತಂದೆತಾಯಿಗೆ, ತೀರಿಹೋದವರಿಗೆ, ಮಕ್ಕಳಿಗೆ, ಬಂದ ಅತಿಥಿಗೆ. ಚುಟುಕಾಗಿ ಮುಗಿಸಿದರೆ ಮರ್ಯಾದೆ ಇಲ್ಲ. ಮಾವನವರ ಕಣ್ಣು ಮಿಂಚುತ್ತಿದ್ದವು. ಭಾಷಣ ಮಾಡಿದಷ್ಟೂ ಜನ ಕೇಳುವ ದೇಶ ಒಂದಿದೆ ಎಂದು ಇಷ್ಟು ವಯಸ್ಸಾದ ಮೇಲೆ ಅವರಿಗೆ ಗೊತ್ತಾಗಿತ್ತು.

ತಮದಾ ಆಗಿದ್ದ ಚಿಕ್ಕಪ್ಪ ಭಾರತದ ಹೆಸರಲ್ಲೂ ಗ್ಲಾಸು ಎತ್ತಿದರು. ಕಾಖೇತಿಯ ರಾಣಿ ಕೇತೆವಾನಳನ್ನು 1624ರಲ್ಲಿ ಪರ್ಷಿಯಾದ ಶಿರಾಜ್‌ನಲ್ಲಿ ಹಿಂಸಿಸಿ ಕೊಂದರು. ಪಾದ್ರಿಗಳು ಅವಳ ಅಸ್ಥಿಯನ್ನು ಗೋವಾಕ್ಕೆ ತಂದಿದ್ದರು. ಹಳೇ ಗೋವಾದ ಪಾಳು ಚರ್ಚಿನಲ್ಲಿ ಸಿಕ್ಕ ಮೂಳೆಯನ್ನು ಹೈದರಾಬಾದಿನಲ್ಲಿ ಡಿಎನ್‌ಎ ಪರೀಕ್ಷೆ ಮಾಡಿ, 2021ರಲ್ಲಿ ನಮ್ಮ ವಿದೇಶಾಂಗ ಸಚಿವರು ಅದನ್ನು ಜಾರ್ಜಿಯಾಕ್ಕೆ ಒಪ್ಪಿಸಿದರು. ಈ ಕಥೆ ಆ ಮನೆಯ ಮಕ್ಕಳಿಗೂ ಗೊತ್ತು. ನಮಗೆ ಅಲ್ಲೇ ಗೊತ್ತಾಯಿತು. ಎಲ್ಲರೂ ನಮ್ಮ ಕಡೆ ತಿರುಗಿ ಗ್ಲಾಸು ಎತ್ತಿದರು. ನಾವೇ ತಂದುಕೊಟ್ಟವರ ಹಾಗೆ ಗಂಭೀರವಾಗಿ ಕೂತೆವು.

ಆಗ ನನ್ನ ಕೈಗೆ ಕೊಂಬು ಬಂತು. ಅದರಲ್ಲಿ ವೈನ್ ತುಂಬಿರುತ್ತದೆ. ಕೊಂಬಿನ ತಳ ಚೂಪು, ಕೆಳಗಿಡಲು ಆಗುವುದಿಲ್ಲ. ಖಾಲಿ ಮಾಡಲೇಬೇಕು. ಎದುರಿಗೆ ಮಾವನವರು. ನನ್ನಾಕೆ ನನ್ನ ಮುಖ ನೋಡಿ ತಟ್ಟೆ ನೋಡಿದಳು. ನಾನು ಹೊಟ್ಟೆ ಸರಿ ಇಲ್ಲ ಎಂದೆ. ಅದಕ್ಕೆ ಇದೇ ಔಷಧಿ ಎಂದರು. ಡಾಕ್ಟರು ಬೇಡ ಎಂದಿದ್ದಾರೆ ಎಂದೆ. ಮೇಜಿನ ಆ ತುದಿಯಲ್ಲಿ ಕೂತವರು ಎದ್ದು ನಿಂತು, ತಾವೇ ಡಾಕ್ಟರು ಎಂದರು. ನಿಜಕ್ಕೂ ಡಾಕ್ಟರೇ. ಇಡೀ ಮೇಜು ಕಾಯುತ್ತಿತ್ತು. ಮಾವನವರು ಕನ್ನಡಕ ಸರಿಮಾಡಿಕೊಂಡು, "ಕುಡೀರಿ ಅಳಿಯಾರ. ದೇಶದ ಮರ್ಯಾದಿ ಪ್ರಶ್ನೆ ಐತಿ" ಎಂದರು. ಕುಡಿದೆ. ಮೊದಲ ಸಲ ಕುಡಿಯುವವನ ಹಾಗೆ ಮುಖ ಕಿವುಚಬೇಕು ಎಂಬುದು ಖಾಲಿಯಾದ ಮೇಲೆ ನೆನಪಾಯಿತು.

ಮಾವನವರಿಗೆ ಯಾರೂ ಒತ್ತಾಯ ಮಾಡಲಿಲ್ಲ. ಅವರಿಗೆ ಬೇರೆ ಹೂಜಿಯಲ್ಲಿ ದ್ರಾಕ್ಷಿ ರಸ ತಂದಿದ್ದರು. ಹೊಸದಾಗಿ ಹಿಂಡಿದ್ದು. ಸಿಹಿ, ಸ್ವಲ್ಪ ನೊರೆ, ನಾಲಿಗೆಗೆ ಚುಮುಚುಮು. "ಭಾಳ ಛಲೋ ಐತಿ" ಎಂದು ಒಂದು ಗ್ಲಾಸು ಕುಡಿದರು. ಇನ್ನೊಂದು ಹಾಕಿಸಿಕೊಂಡರು. ನಾನು ಚಾಲಕನ ಕಿವಿಯಲ್ಲಿ ಅದೇನೆಂದು ಕೇಳಿದೆ. ಅವನು ಮಾಚಾರಿ ಎಂದ. ಹಿಂಡಿ ಕೆಲವು ದಿನವಾಗಿ, ಹುದುಗು ಬರಲು ಶುರುವಾದ ರಸ. ಪೂರ್ತಿ ವೈನ್ ಅಲ್ಲ, ರಸವೂ ಅಲ್ಲ. ನಾನು ನನ್ನಾಕೆಯ ಕಡೆ ನೋಡಿದೆ. ಅವಳು ಕಣ್ಣಲ್ಲೇ ಸುಮ್ನಿರಿ ಎಂದಳು. ಮಾವನವರು ಮೂರನೆಯದಕ್ಕೆ ಗ್ಲಾಸು ಚಾಚಿದರು.

ತಮದಾ "ಅಲಾವೆರ್ದಿ" ಎಂದು ಅವರ ಕಡೆ ಕೈ ತೋರಿಸಿದರು. ಈಗ ಮಾತು ನಿಮ್ಮದು ಎಂದರ್ಥ. ಮಾವನವರು ಎದ್ದರು. ಮಣ್ಣಿನಿಂದ ಶುರು ಮಾಡಿ, ಎರೆ ಭೂಮಿ, ಜೋಳ, ಹಗೇವು, ಬರಗಾಲದಲ್ಲಿ ಹಗೇವು ತೆರೆದು ಊರಿಗೆ ಹಂಚಿದ ತಮ್ಮ ಅಜ್ಜ, ಎಲ್ಲ ಬಂತು. ನಡುವೆ ದನಿ ನಡುಗಿತು. ಒಬ್ಬರೂ ತಟ್ಟೆಗೆ ಕೈ ಹಾಕಲಿಲ್ಲ. ಖಿಂಕಾಲಿ ಎಂಬ ಅವರ ಕಡುಬು ಆರಿ ತಣ್ಣಗಾಯಿತು. ಅರ್ಧ ಗಂಟೆಯಾದ ಮೇಲೆ ಅವರು ಕೂತರು. ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದ್ದು ಒಂದಷ್ಟು. ಅದನ್ನು ಚಾಲಕ ಜಾರ್ಜಿಯನ್ನಿಗೆ ತಂದದ್ದು ಒಂದೇ ಸಾಲು: ಇವರ ಮನೆಯಲ್ಲೂ ಕ್ವೇವ್ರಿ ಇದೆ, ಜೋಳದ್ದು. ಎಲ್ಲರೂ ಎದ್ದು ನಿಂತರು. ಚಿಕ್ಕಪ್ಪ ಬಂದು ಮಾವನವರ ಎರಡೂ ಕೆನ್ನೆಗೆ ಮುತ್ತು ಕೊಟ್ಟರು. ಮಾವನವರು ಬಿಗಿಯಾಗಿ ನಿಂತು ಅದನ್ನೂ ಸ್ವೀಕರಿಸಿದರು.

ಅತ್ತೆಗೆ ಈಗ ಏನಾದರೂ ಕೊಡಬೇಕು ಅನಿಸಿತು. ಬರಿಗೈಯಲ್ಲಿ ಬಂದ ಹಾಗಾಗಬಾರದಲ್ಲ. ಬ್ಯಾಗಿನಿಂದ ಬಿಳಿ ಗಂಟು ತೆಗೆದು, ಹೊಲಿಗೆ ಬಿಚ್ಚಿ, ಕರದಂಟನ್ನು ತಟ್ಟೆಗೆ ಜೋಡಿಸಿದರು. ಅವರು ಚುರ್ಚ್‌ಖೇಲಾ ತಂದರು. ಅಕ್ರೋಟನ್ನು ದಾರಕ್ಕೆ ಪೋಣಿಸಿ, ಹಿಟ್ಟು ಕಲಸಿ ಕುದಿಸಿದ ದ್ರಾಕ್ಷಿ ರಸದಲ್ಲಿ ಅದ್ದಿ ಒಣಗಿಸಿದ್ದು. ಇದನ್ನೇ ಅತ್ತೆ ತಿಬಿಲಿಸಿಯ ಅಂಗಡಿಗಳಲ್ಲಿ ನೋಡಿ ಮೇಣದಬತ್ತಿ ಎಂದುಕೊಂಡಿದ್ದರು. ಕರದಂಟು ಒಂದೇ ಸುತ್ತಿಗೆ ಖಾಲಿ. ಮುದುಕಿ ಶೇಂಗಾ ಚಟ್ನಿಯನ್ನು ಬೆರಳಲ್ಲಿ ನೆಕ್ಕಿ ಡಬ್ಬಿಯನ್ನು ತಮ್ಮ ಮಡಿಲಿಗೆ ಸರಿಸಿಕೊಂಡರು. ಸರಿಯಾಗಿ ಆಗಲೇ ಹುಬ್ಬಳ್ಳಿಯಿಂದ ಫೋನು. "ಅಣ್ಣಾ, ಗಂಟು ಕೊಟ್ಟೇನು?"

ಮಾವನವರು ಸುಳ್ಳು ಹೇಳುವವರಲ್ಲ. "ಜಾರ್ಜಿಯಾದಾಗ ಮುಟ್ಟಿಸೀನಿ ತಂಗಿ. ಎಲ್ಲಾರೂ ಭಾಳ ಖುಷಿಯಿಂದ ತಿಂದ್ರು."

ಹೊರಡುವಾಗ ಅವರು ತಾವಾಗಿಯೇ ಕೇಳಿ ಆ 'ದ್ರಾಕ್ಷಿ ರಸ'ವನ್ನು ಒಂದು ಹಳೇ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಸಿಕೊಂಡರು. ಬಿರಡೆ ಗಟ್ಟಿಯಾಗಿ ಬಿಗಿದು, ಸೂಟ್‌ಕೇಸಿನಲ್ಲಿ ಧೋತರದೊಳಗೆ ಸುತ್ತಿ ಮಲಗಿಸಿದರು. ಹುದುಗುವ ರಸಕ್ಕೆ ಉಸಿರಾಡಲು ಜಾಗ ಬೇಕು. ನಡುರಾತ್ರಿ ಹೋಟೆಲಿನ ಪಕ್ಕದ ಕೋಣೆಯಿಂದ ಢಂ ಎಂದು ಸದ್ದು ಬಂತು. ಓಡಿಹೋಗಿ ನೋಡಿದರೆ ಸೂಟ್‌ಕೇಸಿನ ಸಂದಿಯಿಂದ ಕೆಂಪು ಹರಿಯುತ್ತಿತ್ತು. ಅತ್ತೆ ಮಂಚದ ಮೇಲೆ ನಿಂತಿದ್ದರು. ಕಾವಲಿನವನು ಬಂದ, ಬಗ್ಗಿ ಬೆರಳಿಗೆ ಹಚ್ಚಿ ಮೂಸಿದ, ನಕ್ಕ. "ಮಾಚಾರಿ" ಎಂದು ಮಾವನವರಿಗೆ ಹೆಬ್ಬೆರಳು ತೋರಿಸಿ ಹೋದ. ನನ್ನಾಕೆ, "ಹಣ್ಣಿನ ರಸ ಅಪ್ಪಾ, ಹುಳಿ ಬಂದು ಉಬ್ಬೈತಿ" ಎಂದಳು. ಮಾವನವರು ಹೌದೌದು ಎಂದರು.

ಸಪೆರಾವಿಯ ಬಣ್ಣ ಸುಲಭಕ್ಕೆ ಹೋಗುವಂಥದ್ದಲ್ಲ. ದುಬೈಯ ಲಾಂಡ್ರಿಯವನು ಕೈ ಎತ್ತಿದ. ಧೋತರ ಹಾಗೇ ಗದಗಕ್ಕೆ ಹೋಯಿತು. ದೀಪಾವಳಿಗೆ ವಿಡಿಯೋ ಕಾಲ್ ಮಾಡಿದಾಗ ಹುಬ್ಬಳ್ಳಿಯವರೂ ಅಲ್ಲೇ ಇದ್ದರು. ಹಿಂದೆ ಹಗ್ಗದ ಮೇಲೆ ಧೋತರ ಒಣಗುತ್ತಿತ್ತು.

"ಇದೇನಣ್ಣಾ ಕಲಿ, ಇಷ್ಟ ದೊಡ್ಡದು?"

"ನೇರಳ ಹಣ್ಣಿಂದು" ಎಂದರು ಮಾವನವರು.

"ದೀಪಾವಳಿಗೆ ಎಲ್ಲೀ ನೇರಳ ಹಣ್ಣೋ?"

ಮಾವನವರು ಫೋನಿನ ಹತ್ತಿರ ಬಂದು, ದನಿ ಸರಿಯಾಗಿ ಕೇಳುತ್ತಿಲ್ಲ ಎಂದು ಕಟ್ ಮಾಡಿದರು. ನನ್ನಾಕೆ ಸ್ವಲ್ಪ ಹೊತ್ತು ಖಾಲಿ ಪರದೆ ನೋಡುತ್ತಾ ಕೂತಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು.

"ರೀ, ದ್ರಾಕ್ಷಿ ರಸ ಅನ್ನಬಹುದಿತ್ತಲ್ಲ?"